ಸಲಹಾ ಮಂಡಲಿಗಳೂ ನೀರುಗಂಟಿಯೂ

ನಮ್ಮ ಹಿರೇನಲ್ಲೂರಿನ ಕಡೆಯ ಬಯಲುಸೀಮೆಯಲ್ಲಿ ಕೆರೆಗೆ ಏರಿಯನ್ನು ಕಟ್ಟಿಸಿದ ಪುಣ್ಯ ಅರಸನದೋ ಅಧಿಕಾರಿಯದೋ ಆಗಿದ್ದೀತು. ತೂಬನ್ನು ಎಲ್ಲಿಡಬೇಕು, ಕೋಡಿಯನ್ನು ಎಷ್ಟು ಎತ್ತರಕ್ಕೆ ಬಿಡಬೇಕು ಎಂಬುದನ್ನು ನಿರ್ಣಯಿಸಿದ ಜಾಣ್ಮೆ ಆ ಕಾಲದ ಶಿಲ್ಪಿಯದಾಗಿದ್ದೀತು. ಆದರೆ ಬಿಟ್ಟ ನೀರು ಕಡೆಯ ಗದ್ದೆಗೆ ಮುಟ್ಟಿತೋ ನಡುದಾರಿಯಲ್ಲಿಯೇ ಇಂಗಿಹೋಯಿತೋ ಎಂಬುದನ್ನು ಬಲ್ಲವನು ಗುದ್ದಲಿಯನ್ನು ಹೆಗಲಿಗೇರಿಸಿ ಕಾಲುವೆಯುದ್ದಕ್ಕೂ ನಡೆಯುವ ನೀರುಗಂಟಿಯೊಬ್ಬನೇ. ರಾಷ್ಟ್ರದ ವಿಜ್ಞಾನ ಶಿಕ್ಷಣ ಹೇಗಿರಬೇಕೆಂದು ಸರ್ಕಾರಕ್ಕೆ ಬುದ್ಧಿ ಹೇಳುವ ಸಲಹಾ ಮಂಡಲಿಗಳ ವಿಚಾರ ಬಂದಾಗಲೆಲ್ಲ ನನಗೆ ಈ ನೀರುಗಂಟಿಯ ನೆನಪಾಗುತ್ತದೆ. ಏತಕ್ಕೆಂದರೆ ಆ ಮಂಡಲಿಗಳಲ್ಲಿ ಶಿಲ್ಪಿಗಳಿಗೆ ಎಂದೂ ಕೊರತೆಯಿರಲಿಲ್ಲ.

ತಜ್ಞರ ಮಾತಿನ ಬೆಲೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಜಮ್‌ಷೇಟ್‌ಜಿ ಟಾಟಾ ಅವರು ಒಂದು ಉನ್ನತ ಸಂಶೋಧನಾಲಯದ ಕನಸನ್ನು ಕಂಡಾಗ ಅದು ಎಲ್ಲಿ, ಯಾವ ರೂಪದಲ್ಲಿ ಸ್ಥಾಪಿತವಾಗಬೇಕೆಂದು ವಿಚಾರಿಸಲು ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೇ 1900ರಲ್ಲಿ ನಮ್ಮ ದೇಶಕ್ಕೆ ಬಂದು, ಅನೇಕ ಸ್ಥಳಗಳನ್ನು ಸುತ್ತಿ, ಬೆಂಗಳೂರನ್ನು ಸೂಚಿಸಿದರು. ಆ ಸೂಚನೆಯನ್ನು ಮರುಪರಿಶೀಲಿಸಲು ಸರ್ಕಾರ ಮ್ಯಾಸನ್ ಮತ್ತು ಕ್ಲಿಬ್ಬಾರ್ನ್ ಎಂಬಿಬ್ಬರನ್ನು ನೇಮಿಸಿತು. ಸಮಿತಿಯ ಮೇಲೆ ಸಮಿತಿ ಎಂಬ ಪರಿಪಾಠ ಈ ದೇಶದಲ್ಲಿ ಇಂದು ನಿನ್ನೆಯದಲ್ಲ. ಆದರೂ 1909ರಲ್ಲಿ ಸಂಸ್ಥೆ ಕಾನೂನುಬದ್ಧವಾಗಿ ಹುಟ್ಟಿತೆಂದರೆ ಅದಕ್ಕೆ ವರದಿಯೊಂದೇ ಕಾರಣವಲ್ಲ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲವೂ ಕಾರಣ.

ಇದಕ್ಕಿಂತಲೂ ನಮ್ಮ ಸೀಮೆಗೆ ಹತ್ತಿರವಾದ ಮತ್ತೊಂದು ಪ್ರಯತ್ನವಿದೆ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1911ರ ಜೂನ್ ತಿಂಗಳಿನಲ್ಲಿ ಆರಂಭವಾದ ಮೈಸೂರು ಸಂಪದಭ್ಯುದಯ ಸಮಾಜವು ಶಿಕ್ಷಣ, ವ್ಯವಸಾಯ, ಕೈಗಾರಿಕೆ-ವಾಣಿಜ್ಯ ಎಂಬ ಮೂರು ವಿಷಯಗಳಿಗೆ ಮೂರು ಸಮಿತಿಗಳನ್ನು ರಚಿಸಿಕೊಂಡು, ಅಧಿಕಾರಿಗಳೊಡನೆ ಅಧಿಕಾರಿಗಳಲ್ಲದವರನ್ನೂ ಕೂಡಿಸಿ, ಜಿಲ್ಲೆ ಮತ್ತು ತಾಲ್ಲೂಕುಗಳಲ್ಲಿಯೂ ತನ್ನ ಶಾಖೆಗಳನ್ನು ಚಾಚಿತು. ಆಗ ನಮ್ಮದು ಕಡೂರು ಜಿಲ್ಲೆ. ಚಿಕ್ಕಮಗಳೂರು ಎಂಬ ಹೆಸರು ಜಿಲ್ಲೆಗೆ ಬಂದದ್ದು 1947ರಲ್ಲಿ. ಆ ಸಮಾಜದಲ್ಲಿ ಹೊಮ್ಮಿದ ಚರ್ಚೆಗಳಿಂದಲೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಮೂಡಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಮರುವರ್ಷ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿದವು. ತಾಲ್ಲೂಕಿನ ಸಭೆಗಳೆಲ್ಲ ಜ್ಞಾನಸಾಗರಗಳಾಗಿದ್ದುವೆಂದು ನಾನು ಭ್ರಮಿಸುವುದಿಲ್ಲ. ಅಮಲ್ದಾರರ ಮುಂದೆ ಕೈಕಟ್ಟಿ ಕುಳಿತು ತಲೆಯಾಡಿಸಿದವರೂ ಇದ್ದಿರಬೇಕು. ಆದರೆ ಸಲಹೆಯೆಂಬುದು ಮೇಲಿನಿಂದ ಇಳಿಯುವಂತೆಯೇ ಕೆಳಗಿನಿಂದ ಏರುವುದಕ್ಕೂ ಒಂದು ಮೆಟ್ಟಿಲನ್ನು ಅಲ್ಲಿ ಕಟ್ಟಲಾಗಿತ್ತಷ್ಟೆ.

ಸ್ವಾತಂತ್ರ್ಯಾನಂತರದ ಮಹಾ ಆಯೋಗಗಳಲ್ಲಿ ಈ ಮೆಟ್ಟಿಲು ಕಾಣೆಯಾಯಿತು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗದ ಅಧ್ಯಕ್ಷರು ಭೌತಶಾಸ್ತ್ರದ ಪ್ರಾಧ್ಯಾಪಕರು. ಅದರಲ್ಲಿ ಇಂಗ್ಲೆಂಡ್, ಅಮೆರಿಕ, ರಷ್ಯ, ಫ್ರಾನ್ಸ್, ಜಪಾನ್ ದೇಶಗಳ ವಿದ್ವಾಂಸರಿಗೆ ಸ್ಥಾನವಿತ್ತು. ಹಳ್ಳಿಯ ಶಾಲೆಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದ ಉಪಾಧ್ಯಾಯನೊಬ್ಬನಿಗೆ ಇರಲಿಲ್ಲ. ವರದಿ ಉದಾತ್ತವಾದದ್ದೆಂಬುದು ನಿರ್ವಿವಾದ. ಶಾಲೆಯ ಮೊದಲ ಹತ್ತು ವರ್ಷ ವಿಜ್ಞಾನ ಮತ್ತು ಗಣಿತ ಎಲ್ಲರಿಗೂ ಕಡ್ಡಾಯವಾಗಲಿ, ಮಕ್ಕಳು ಕೈಯಿಂದ ಮಾಡಿ ಕಲಿಯಲಿ, ರಾಷ್ಟ್ರಾದಾಯದ ಶೇಕಡ 6ರಷ್ಟು ಶಿಕ್ಷಣಕ್ಕೆ ಸಲ್ಲಲಿ ಎಂದು ಅದು ಹೇಳಿತು. ಮೊದಲನೆಯದು ನಡೆಯಿತು, ಮೂರನೆಯದು ಇಂದಿಗೂ ನಡೆದಿಲ್ಲ. ಎರಡನೆಯದರ ಗತಿಯನ್ನು ನಾನು ಕಣ್ಣಾರೆ ಕಂಡವನು.

ನಾನು ಓದಿದ ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಕರಣಗಳು ಗಾಜಿನ ಬಾಗಿಲಿನ ಬೀರುವೊಂದರಲ್ಲಿದ್ದವು, ಬೀರುವಿಗೆ ಬೀಗವಿತ್ತು, ಬೀಗದ ಕೈ ಮೇಷ್ಟರ ಜೇಬಿನಲ್ಲಿತ್ತು. ಪ್ರನಾಳ, ಬ್ಯುರೆಟ್, ಪ್ರಿಸಮ್ಮುಗಳನ್ನು ನಾವು ದೇವರ ಒಡವೆಗಳಂತೆ ಹೊರಗಿನಿಂದ ನೋಡಿದೆವು. ಮೇಷ್ಟರು ಸೋಮಾರಿಯಲ್ಲ, ಅರಸಿಕರೂ ಅಲ್ಲ. ದಾಸ್ತಾನು ಪುಸ್ತಕದಲ್ಲಿ ಬರೆದ ಗಾಜು ಒಂದು ಒಡೆದರೆ ತನಿಖೆಯ ದಿನ ಅದರ ಬೆಲೆ ತಮ್ಮ ಸಂಬಳದಿಂದ ವಸೂಲಾದೀತೆಂಬ ಭಯವೊಂದೇ ಅವರನ್ನು ಕಟ್ಟಿಹಾಕಿತ್ತು. ಹೀಗೆ, ದೆಹಲಿಯಲ್ಲಿ ವರ್ಷಗಟ್ಟಲೆ ಕುಳಿತ ಪಂಡಿತರ ಸಿದ್ಧಾಂತವೊಂದನ್ನು ಲೆಕ್ಕಪತ್ರದ ಒಂದು ಸಣ್ಣ ಭೀತಿ ಸದ್ದಿಲ್ಲದೆ ಸೋಲಿಸಿತು. ಪಂಡಿತರಿಗೆ ಅದು ತಿಳಿಯಲೇ ಇಲ್ಲ. ತಿಳಿಸಬಲ್ಲವನನ್ನು ಯಾರೂ ಕೇಳಲೂ ಇಲ್ಲ.

ಕೇಳಿದರೆ ಏನಾದೀತು ಎಂಬುದಕ್ಕೂ ನಿದರ್ಶನವಿದೆ, ಅದೂ ಮೈಸೂರಿನದೇ. ರಾಜ್ಯಸಭೆಗೆ ನಾಮನಿರ್ದೇಶನಗೊಂಡಿದ್ದ ಕಾದಂಬರಿಕಾರ ಆರ್. ಕೆ. ನಾರಾಯಣ್ ತಮ್ಮ ಮೊದಲ ಭಾಷಣದಲ್ಲಿ ಯಾವ ಮಹಾ ತತ್ತ್ವವನ್ನೂ ಮಂಡಿಸದೆ, ಮಕ್ಕಳ ಬೆನ್ನು ಬಾಗಿಸುವ ಪುಸ್ತಕದ ಚೀಲದ ಮಾತನ್ನೆತ್ತಿದರು. ಅವರು ಶಿಕ್ಷಣತಜ್ಞರಲ್ಲ, ಬೀದಿಯಲ್ಲಿ ನಡೆಯುತ್ತ ಕಣ್ಣು ತೆರೆದಿಟ್ಟುಕೊಂಡಿದ್ದವರು. ಆ ಮಾತಿನ ಬೆನ್ನುಹಿಡಿದು ಬಂದ ಯಶಪಾಲ್ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯ ವಿಚಾರವನ್ನು ವಿಜ್ಞಾನಿಗೊಪ್ಪುವ ಖಚಿತತೆಯಿಂದ ವಿವರಿಸಿ, ಚೀಲದ ಭಾರಕ್ಕಿಂತ ಅರ್ಥವಾಗದಿರುವುದರ ಭಾರವೇ ಹೆಚ್ಚೆಂದು ತೋರಿಸಿತು. ನೋಡಿದವನೊಬ್ಬ, ಬಲ್ಲವನೊಬ್ಬ, ಇಬ್ಬರೂ ಕೂಡಿದ್ದರಿಂದ ಆ ಕಿರಿಯ ವರದಿಗೆ ಜೀವ ಬಂತು. ಚೀಲ ಹಗುರವಾಯಿತೇ ಎಂದು ಕೇಳಿದರೆ ನಾನು ಮೌನಿ.

ಈಚಿನ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಕಸ್ತೂರಿರಂಗನ್ ಅವರ ಸಮಿತಿಯ ಕರಡಿನಿಂದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹುಟ್ಟಿತು. ಮರುವರ್ಷವೇ ಕರ್ನಾಟಕ ಅದನ್ನು ಎಲ್ಲರಿಗಿಂತ ಮೊದಲು ಕೈಗೆತ್ತಿಕೊಂಡಿತು. 2023ರಲ್ಲಿ ಸರ್ಕಾರ ಬದಲಾಗಿ ಸುಖದೇವ್ ಥೋರಟ್ ಅವರ ಆಯೋಗ ಬಂದಿತು. 2024ರಲ್ಲಿ ನಾಲ್ಕು ವರ್ಷದ ಪದವಿ ಮತ್ತೆ ಮೂರಕ್ಕಿಳಿಯಿತು. ಯಾವುದು ಸರಿ ಎಂಬ ವಾದಕ್ಕೆ ನಾನು ಇಳಿಯಲಾರೆ. ಕಡೂರಿನ ಬಸ್ಸು ಹತ್ತಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳ ಅಕ್ಕನಿಗೆ ಒಂದು ಕ್ರಮ, ತನಗೆ ಒಂದು, ತಂಗಿಗೆ ಮತ್ತೊಂದು ಆದರೆ, ಆ ಮೂರೂ ಕ್ರಮಗಳ ಫಲವನ್ನು ತೂಗಿ ನೋಡುವ ಅವಕಾಶ ಯಾವ ತಜ್ಞನಿಗೂ ಒದಗುವುದಿಲ್ಲವೆಂಬುದಷ್ಟೇ ನನ್ನ ವ್ಯಸನ.

ಆದಕಾರಣ ನಾನು ಬೇಡುವುದು ಹೊಸ ಆಯೋಗವನ್ನಲ್ಲ. ವರದಿಯನ್ನೊಪ್ಪಿಸಿದ ಮಂಡಲಿ ಅಂದೇ ವಿಸರ್ಜನೆಯಾಗದೆ, ಐದು ವರ್ಷಗಳ ತರುವಾಯ ಮತ್ತೊಮ್ಮೆ ಕೂಡಿ, ತಾಲ್ಲೂಕಿಗೆ ಒಬ್ಬರಂತೆ ವಿಜ್ಞಾನದ ಉಪಾಧ್ಯಾಯರನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕು. ಕೇಳಬೇಕಾದ ಮೊದಲ ಪ್ರಶ್ನೆಗೆ ತತ್ತ್ವಚಿಂತನೆಯ ಅಗತ್ಯವಿಲ್ಲ: ಮೇಷ್ಟ್ರೇ, ಬೀರುವಿನ ಬೀಗ ಕಡೆಯ ಸಲ ತೆಗೆದದ್ದು ಯಾವಾಗ, ಅಂದು ಒಡೆದ ಗಾಜಿನ ದುಡ್ಡನ್ನು ಕೊಟ್ಟವರು ಯಾರು?