ಸತ್ತವರಿಗೆ ಮಣ್ಣು ಕೊಡಲು ಭಯವೇಕೆ?



ಕೊರೊನಾದಿಂದ ತೀರಿಕೊಂಡ ವೈದ್ಯ ಸೈಮನ್ ಹರ್ಕ್ಯುಲಿಸರ ಶವ ತಂದ ಆಂಬುಲೆನ್ಸಿಗೆ 2020ರ ಏಪ್ರಿಲ್‌ನಲ್ಲಿ ಚೆನ್ನೈ ಜನ ಕಲ್ಲು ತೂರಿದರು. ನಡುರಾತ್ರಿ ಜೊತೆಯ ವೈದ್ಯರೊಬ್ಬರು ತಾವೇ ಸಲಿಕೆ ಹಿಡಿದು ಮಣ್ಣು ಮಾಡಿದರು. ಅದೇ ಜೂನ್ ಕಡೆಗೆ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದದ್ದನ್ನು ನಾಡೆಲ್ಲ ಕಂಡಿತು. ಜಿಲ್ಲಾಧಿಕಾರಿ ಕ್ಷಮೆ ಕೇಳಿದರು.

ಇಷ್ಟೆಲ್ಲ ಯಾತಕ್ಕೆ? ಕೇಂದ್ರ ಆರೋಗ್ಯ ಇಲಾಖೆ ಮಾರ್ಚ್‌ನಲ್ಲೇ ಬರೆದು ಕೊಟ್ಟಿತ್ತು: ಸೋರದ ಚೀಲದಲ್ಲಿಟ್ಟು, ಚೀಲದ ಹೊರಮೈಯನ್ನು ಕ್ಲೋರಿನ್ ನೀರಿನಿಂದ ಶುದ್ಧ ಮಾಡಿದರೆ ಹೊರುವವರಿಗೆ ಹೆಚ್ಚಿನ ಅಪಾಯವಿಲ್ಲ. ಮುಟ್ಟದೆ ಮುಖ ನೋಡಬಹುದು, ಪ್ರಾರ್ಥನೆ ಓದಬಹುದು, ತೀರ್ಥ ಚಿಮುಕಿಸಬಹುದು. ಮೀಯಿಸುವುದು, ಮುತ್ತಿಡುವುದು, ಅಪ್ಪಿ ಅಳುವುದು ಕೂಡದು. ಜನ ಕಿಕ್ಕಿರಿಯುವುದಂತೂ ಕೂಡದೇ ಕೂಡದು; ರೋಗ ದಾಟುವುದು ಹೆಚ್ಚಾಗಿ ಬದುಕಿರುವವರ ಉಸಿರಿನಿಂದ.

ಶವಸಂಸ್ಕಾರ ತಡೆದವರಿಗೆ ಮೂರು ವರ್ಷದವರೆಗೆ ಸಜೆಯೆಂದು ತಮಿಳುನಾಡು ಸರಕಾರ ಆ ಏಪ್ರಿಲ್‌ನಲ್ಲೇ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ಆದರೆ ಗುಂಡಿ ತೋಡುವವನೂ ಹೆಣ ಹೊರುವವನೂ ಎಲ್ಲೆಲ್ಲೂ ಕೂಲಿಯವನೇ ತಾನೆ? ಬರಿಗೈಯಲ್ಲಿ ಹೋಗಿ ಹೂಳು ಎಂದರೆ ನಾವು ಒಪ್ಪೆವು. ಕೈಗವಸು, ಮಾಸ್ಕು, ಬೂಟು, ಚೀಲ, ಸಾಬೂನು, ಬ್ಲೀಚಿಂಗ್ ಪುಡಿ ವಾಲ್ಪಾರೈ ಬೆಟ್ಟದ ಪ್ರತಿ ಎಸ್ಟೇಟ್ ಆಸ್ಪತ್ರೆಯಲ್ಲೂ ಈಗಲೇ ಇರಬೇಕು. ಇವೆಯೇ ಎಂದು ಬರುವ ಯೂನಿಯನ್ ಸಭೆಯಲ್ಲಿ ಎದ್ದು ನಿಂತು ಕೇಳೋಣ.