ದಾರಿ ನಮ್ಮದಾಯಿತು, ಊರು ಯಾರದು?

ಇಂಗ್ಲೆಂಡಿನ ಮೈನ್‌ಹೆಡ್‌ನಿಂದ ಹೊರಟು, ಕಾರ್ನ್‌ವಾಲಿನ ತುದಿಯನ್ನು ಬಳಸಿ, ಪೂಲ್ ಬಂದರಿನವರೆಗೆ 630 ಮೈಲಿ ಸಾಗುವ ನೈಋತ್ಯ ಕರಾವಳಿ ಕಾಲುದಾರಿಯನ್ನು ಚಾರಣಪ್ರಿಯರು ‘ಪ್ರಕೃತಿಯ ಕೊಡುಗೆ’ ಎಂದು ಕೊಂಡಾಡುತ್ತಾರೆ. ಪ್ರಕೃತಿ ಯಾರಿಗೂ ದಾರಿ ಕಡಿದು ಕೊಡುವುದಿಲ್ಲ. ಈ ಹಾದಿಯ ಬಹುಭಾಗವನ್ನು ಸವೆಸಿದ್ದು ಕಳ್ಳಸಾಗಣೆದಾರರನ್ನು ಹಿಡಿಯಲು ಗಸ್ತು ತಿರುಗುತ್ತಿದ್ದ ಕಾವಲುಗಾರರ ಬೂಟುಗಳು. ನಡೆಯುವ ಹಕ್ಕಂತೂ ಹೋರಾಟದಿಂದಲೇ ಬಂದದ್ದು. 1932ರಲ್ಲಿ ಕಾರ್ಮಿಕ ಯುವಜನರು ಭೂಮಾಲೀಕರ ನಿರ್ಬಂಧವನ್ನು ಮುರಿದು ಕಿಂಡರ್ ಸ್ಕೌಟ್ ಬೆಟ್ಟವೇರಿದರು. ಐವರು ಸೆರೆಮನೆ ಕಂಡರು. ಇಂಥ ಒತ್ತಾಯಗಳ ಬೆನ್ನಿಗೆ 1949ರ ಕಾಯ್ದೆಯೂ, ಕಡಲಂಚಿಗೆ ಪ್ರವೇಶ ಕೊಟ್ಟ 2009ರ ಕಾಯ್ದೆಯೂ ಬಂದವು.

ಆದರೆ ಈ ದಾರಿ ಪೋಣಿಸುವ ಮೌಸ್‌ಹೋಲ್, ಪೊಲ್‌ಪೆರೊ, ಪೋರ್ಟ್ ಐಸಾಕ್‌ಗಳಲ್ಲಿ ಚಳಿಗಾಲದ ಸಂಜೆ ನಡೆದು ನೋಡಿ. ಬಂದರಿನ ಸುತ್ತಲಿನ ಎಷ್ಟೋ ಕಿಟಕಿಗಳಲ್ಲಿ ದೀಪವಿರುವುದಿಲ್ಲ. ಮೀನುಗಾರರು ಬಾಳಿದ ಮನೆಗಳು ದೂರದ ನಗರಗಳ ಉಳ್ಳವರ ರಜೆಯ ಮನೆಗಳಾಗಿವೆ. ಸೇಂಟ್ ಐವ್ಸ್ ಪಟ್ಟಣದ ಜನ ಇದನ್ನು ಸುಮ್ಮನೆ ಸಹಿಸಲಿಲ್ಲ. ಹೊಸದಾಗಿ ಕಟ್ಟುವ ಮನೆಗಳು ಖಾಯಂ ವಾಸಕ್ಕೇ ಮೀಸಲಿರಲಿ ಎಂದು 2016ರಲ್ಲಿ ಶೇ. 80ಕ್ಕೂ ಹೆಚ್ಚು ಮತದಾರರು ತೀರ್ಪಿತ್ತರು. ಆದರೆ ಹಳೆಯ ಮನೆಗಳು ಆ ನಿಯಮದ ಕೈಗೆ ಸಿಗಲಿಲ್ಲ. 2025ರ ಏಪ್ರಿಲ್‌ನಿಂದ ಕಾರ್ನ್‌ವಾಲ್ ಆಡಳಿತ ಎರಡನೆಯ ಮನೆಗಳಿಗೆ ಇಮ್ಮಡಿ ತೆರಿಗೆ ಹಾಕಿದೆ. ವರ್ಷಕ್ಕೆ 140 ದಿನ ಬಾಡಿಗೆಗೆ ತೆರೆದಿಟ್ಟು, 70 ದಿನ ನಿಜವಾಗಿ ಬಾಡಿಗೆಗೆ ಕೊಟ್ಟರೆ ಅದೇ ಮನೆ ‘ವ್ಯಾಪಾರ’ವಾಗಿ ಆ ತೆರಿಗೆಯಿಂದ ನುಣುಚಿಕೊಳ್ಳಬಹುದು.

ಪ್ರವಾಸೋದ್ಯಮದಿಂದ ಕೆಲಸ ಹುಟ್ಟುತ್ತದಲ್ಲ ಎಂಬ ಸಮರ್ಥನೆ ಸಿದ್ಧವಾಗಿಯೇ ಇರುತ್ತದೆ. ಹುಟ್ಟುತ್ತದೆ, ನಿಜ. ಅತಿಥಿಯ ಹಾಸಿಗೆ ಹಾಸುವವಳಿಗೆ ಅದೇ ಊರಿನಲ್ಲಿ ಬಾಡಿಗೆಗೊಂದು ಕೋಣೆ ಸಿಗದಿದ್ದರೆ ಆ ಕೆಲಸಕ್ಕೆ ಏನೆಂದು ಹೆಸರಿಡೋಣ? ಶಾಲೆಗೆ ಮಕ್ಕಳಿಲ್ಲದೆ, ದೋಣಿಗೆ ಆಳಿಲ್ಲದೆ ಸುಂದರವಾಗಿ ಉಳಿದ ಊರು ಅಲಂಕರಿಸಿದ ಶವ.

ಇದನ್ನು ಬ್ರಿಟಿಷರ ಮನೆಯ ಜಗಳವೆಂದು ನಾವು, ಅನಿವಾಸಿ ಕನ್ನಡಿಗರು, ದೂರ ನಿಂತು ನೋಡುವಂತಿಲ್ಲ. ಕಾರ್ನ್‌ವಾಲಿಗೆ ಲಂಡನ್ನಿನ ಹಣ ಹೇಗೋ, ಗೋಕರ್ಣಕ್ಕೆ ನಮ್ಮ ಪೌಂಡು, ಡಾಲರು, ದಿರ್ಹಮ್ ಹಾಗೆ. ಕುಡ್ಲೆಯಿಂದ ಓಂ ತೀರಕ್ಕೆ ಬಂಡೆಗಳ ಮೇಲೆ ಹಾಯುವ ಕಾಲುದಾರಿಯ ಚಿತ್ರಕ್ಕೆ ಮನಸೋತು, ಅಲ್ಲೊಂದು ‘ಸೀ ವ್ಯೂ’ ನಿವೇಶನ ಹುಡುಕುವ ಕೈ ನಮ್ಮದೇ. ಕಾನೂನೂ ಉಳ್ಳವರಿಗೆ ಬಾಗುತ್ತಿದೆ: ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಕರಾವಳಿಯಲ್ಲಿ 200 ಮೀಟರ್ ಇದ್ದ ನಿರ್ಮಾಣ ನಿಷೇಧ ವಲಯವನ್ನು 2019ರ ಕೇಂದ್ರ ಅಧಿಸೂಚನೆ 50 ಮೀಟರಿಗೆ ಇಳಿಸಿತು. ಬಲೆ ಒಣಗಿಸುವ, ದೋಣಿ ಎಳೆದಿಡುವ ಜಾಗಕ್ಕೆ ಪಟ್ಟಾ ಇಲ್ಲದ ಮೀನುಗಾರರು ಈ ಪೈಪೋಟಿಯಲ್ಲಿ ಯಾವ ಹಣದಿಂದ ನಿಲ್ಲಬೇಕು?

ಆದ್ದರಿಂದ ನಮ್ಮ ಬೇಡಿಕೆ ಎರಡೂ ತೀರಗಳಲ್ಲಿ ಒಂದೇ ಆಗಿರಬೇಕು. ಅಲ್ಲಿ ಹಳೆಯ ಮನೆಗಳ ಮಾರಾಟಕ್ಕೂ ಖಾಯಂ ವಾಸದ ನಿಯಮ ಅನ್ವಯಿಸಲಿ. ದುಡಿಯುವವರಿಗೆ ಆಡಳಿತವೇ ಬಾಡಿಗೆ ಮನೆ ಕಟ್ಟಿಕೊಡಲಿ. ಇಲ್ಲಿ ದೋಣಿ, ಬಲೆಗಳ ಸಾಮುದಾಯಿಕ ನೆಲ ಮೊದಲು ದಾಖಲೆಗೆ ಬರಲಿ. ಆಮೇಲಷ್ಟೇ ರೆಸಾರ್ಟಿನ ಅರ್ಜಿ. ಅದಕ್ಕೂ ಮುನ್ನ, ಆ ನಿವೇಶನದ ಮುಂಗಡ ಹಣವನ್ನು ನಾವು ಕಳಿಸದಿರೋಣ.