ದೂರಪ್ರಯಾಣದ ಸಿದ್ಧತೆಯಲ್ಲಿ ಕಾಡಿಗೆ ಸ್ಥಾನವಿಲ್ಲವೇ?

ಬೆಂಗಳೂರಿನಿಂದ ಗುಂಡ್ಲುಪೇಟೆ ಮಾರ್ಗವಾಗಿ ವಯನಾಡಿಗೋ ಊಟಿಗೋ ಕಾರಿನಲ್ಲಿ ಹೊರಡುವವರು ಟೈರಿನ ಗಾಳಿ, ಎಂಜಿನ್ ಆಯಿಲ್, ಬ್ರೇಕು, ಸ್ಟೆಪ್ನಿ ಎಲ್ಲವನ್ನೂ ಪರೀಕ್ಷಿಸುತ್ತಾರೆ. ದಾರಿಯಲ್ಲಿ ಬಂಡೀಪುರದ ಕಾಡಿದೆ ಎಂಬುದು ಮಾತ್ರ ಚೆಕ್‌ಪೋಸ್ಟಿನ ಗೇಟು ಮುಚ್ಚಿದಾಗಲೇ ನೆನಪಾಗುತ್ತದೆ! ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರ ನಿಷೇಧವಾದದ್ದು 2009ರಲ್ಲಿ. ಹೈಕೋರ್ಟು ಅದನ್ನು 2010ರಲ್ಲಿ ಎತ್ತಿಹಿಡಿಯಿತು. ಆದರೂ ತಡವಾಗಿ ಹೊರಟು, ಎಂಟೂಮುಕ್ಕಾಲಿಗೆ ಕಾಡಿನೊಳಗೆ ನುಗ್ಗಿ, ಗಡಿಯಾರದೊಡನೆ ಪಂದ್ಯ ಕಟ್ಟಿದಂತೆ ಕಾರು ಓಡಿಸುವವರಿದ್ದಾರೆ. ಹೆಡ್‌ಲೈಟಿಗೆ ಕಣ್ಣು ಕೋರೈಸಿದ ಜಿಂಕೆ ಓಡುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ. ಹಗಲಿನಲ್ಲಾದರೂ ಕಿಟಕಿಯಿಂದ ಎಸೆದ ಕುರುಕಲು ತಿಂಡಿಗೆ ರಸ್ತೆಗಿಳಿದ ಮಂಗ, ಹಿಂದೆ ಬರುವ ಚಕ್ರಕ್ಕೆ ಸಿಗುತ್ತದೆ. ಆ ಪೊಟ್ಟಣವೂ ಪ್ರಯಾಣದ ಸಿದ್ಧತೆಯ ಭಾಗವೇ ಆಗಿತ್ತಲ್ಲವೇ?

ನಿಷೇಧವನ್ನು ತೆರವುಗೊಳಿಸಬೇಕೆಂಬ ಒತ್ತಾಯ ಪದೇಪದೇ ಕೇಳಿಬರುತ್ತಿದೆ. ರೋಗಿಗಳ ವಾಹನಕ್ಕೆ, ಬೆರಳೆಣಿಕೆಯ ಬಸ್ಸುಗಳಿಗೆ ವಿನಾಯಿತಿ ಇದ್ದೇ ಇದೆ. ವಿಹಾರಕ್ಕೆ ಏಕೆ ಬೇಕು? ಎರಡು ತಾಸು ಮೊದಲೇ ಹೊರಡುವುದು ಅಷ್ಟೊಂದು ಕಷ್ಟವೇ? ರಾತ್ರಿಯೇ ವಯನಾಡು ತಲುಪಬೇಕೆನ್ನುವವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವಿದೆ. ಆ ಸುತ್ತುದಾರಿಗೆ ಬೇಕಾದ ಹೆಚ್ಚಿನ ಪೆಟ್ರೋಲನ್ನು ಅವರು ಹೊರಡುವಾಗಲೇ ತುಂಬಿಸಿಕೊಳ್ಳಲಿ.